ಬೆಳ್ಳಿಯ ದೇವರು ಯಾವುದು?

ಶಿವರಾಮ ಕಾರಂತರ ‘ಚೋಮನ ದುಡಿ’ ಬಲು ಸಣ್ಣ ಕಾದಂಬರಿ. ರವಿವಾರದ ಊಟ ಮುಗಿಸಿ, ಅಡುಗೆಮನೆ ಒರೆಸಿ ಕೈಗೆತ್ತಿಕೊಂಡರೆ ಸಂಜೆಯ ಚಹಾದ ಹೊತ್ತಿಗೆ ಮುಗಿದುಹೋಗುತ್ತದೆ. ಮುಗಿದ ಮೇಲೆ ಚಹಾ ರುಚಿಸುವುದಿಲ್ಲ, ಆ ಮಾತು ಬೇರೆ. 1930ರ ದಶಕದ ಆರಂಭದಲ್ಲಿ ಬಂದ ಈ ಪುಸ್ತಕವನ್ನು ಜೀತದ ಕಥೆ, ಜಾತಿಯ ಕಥೆ, ಮಣ್ಣಿನ ಆಸೆಯ ಕಥೆ ಎಂದು ನಮ್ಮ ವಿಮರ್ಶಕರು ಓದಿದ್ದಾರೆ. ಅವೆಲ್ಲ ನಿಜವೇ. ಅದರೊಳಗೆ ಇನ್ನೊಂದು ಕಥೆಯೂ ಇದೆ: ಒಬ್ಬ ಬಡವನ ಮುಂದೆ ಎರಡು ಧರ್ಮಗಳು ನಿಂತು ಚೌಕಾಸಿ ಮಾಡುವ ಕಥೆ. ಇತ್ತೀಚೆಗೆ ನಮ್ಮ ಚಿಕ್ಕೋಡಿ, ರಾಯಬಾಗದ ಕಡೆಯ ಓಣಿಗಳಲ್ಲಿ ನಡೆಯುವ ಮಾತುಗಳನ್ನು ಕೇಳಿದಾಗಲೆಲ್ಲ ನನಗೆ ಆ ಕಥೆಯೇ ನೆನಪಾಗುತ್ತದೆ.

ಓದದವರಿಗಾಗಿ ನಾಲ್ಕು ಮಾತು. ಚೋಮ ದಕ್ಷಿಣ ಕನ್ನಡದ ಒಬ್ಬ ಜೀತದಾಳು. ಮುಟ್ಟಿಸಿಕೊಳ್ಳದ ಜಾತಿಯವನಾದ್ದರಿಂದ ಸ್ವಂತ ಬೇಸಾಯ ಅವನಿಗೆ ಸಲ್ಲದು. ಕಾಡಿನಲ್ಲಿ ಸಿಕ್ಕ ಎತ್ತುಗಳ ಜೋಡಿಯೊಂದನ್ನು ಸಾಕಿಕೊಂಡಿದ್ದಾನೆ. ಎತ್ತು ಇವೆ, ಹೂಡುವ ಆಸೆ ಇದೆ, ಭೂಮಿ ಇಲ್ಲ. ಧಣಿ ಸಂಕಪ್ಪಯ್ಯ ಕೆಟ್ಟವನಲ್ಲ. ಅವನ ಮನಸ್ಸು ಒಂದಿಷ್ಟು ಕರಗುತ್ತದೆ ಕೂಡ. ಹಿಂದಿನಿಂದ ಬಂದ ಪದ್ಧತಿ ಮುರಿಯಬಾರದೆಂದು ಅಡ್ಡ ನಿಲ್ಲುವವಳು ಅವನ ತಾಯಿ. ಇತ್ತ ತೋಟದ ಸಾಲ ತೀರಿಸಲು ಹೋದ ಮಕ್ಕಳಲ್ಲಿ ಒಬ್ಬ ರೋಗ ಹೊತ್ತು ಬಂದು ಸಾಯುತ್ತಾನೆ. ಇನ್ನೊಬ್ಬ ಗುರುವ, ಕ್ರೈಸ್ತ ಹುಡುಗಿಯ ಕೈ ಹಿಡಿದು ಆ ಮತಕ್ಕೆ ಸೇರುತ್ತಾನೆ. ಚಿಕ್ಕ ಮಗನೊಬ್ಬ ನೀರಿನಲ್ಲಿ ಮುಳುಗುವಾಗ, ಮುಟ್ಟಿದರೆ ಮೈಲಿಗೆಯೆಂದು ದಂಡೆಯ ಮೇಲಿದ್ದವರು ಎತ್ತುವುದಿಲ್ಲ. ಕ್ರೈಸ್ತನಾದರೆ ಭೂಮಿ ಸಿಗುತ್ತದೆ ಎಂಬ ಆಸೆ ಚೋಮನ ಕಣ್ಣ ಮುಂದಿದೆ. ಮನಸ್ಸು ಗಟ್ಟಿಮಾಡಿ ಹೊರಡುತ್ತಾನೆ. ಆದರೆ ತನ್ನ ದೈವ ಪಂಜುರ್ಲಿಯ ಸೆಳೆತವನ್ನು ಮೀರಲು ಅವನಿಂದಾಗುವುದಿಲ್ಲ. ಹಿಂದೆ ತಿರುಗುತ್ತಾನೆ. ಕೊನೆಗೆ ಎತ್ತುಗಳನ್ನು ಕಾಡಿಗೆ ಅಟ್ಟಿ, ಬಾಗಿಲು ಹಾಕಿಕೊಂಡು, ದುಡಿ ಬಾರಿಸುತ್ತ ಬಾರಿಸುತ್ತ ಸಾಯುತ್ತಾನೆ. ಬಿ. ವಿ. ಕಾರಂತರು ಇದನ್ನು 1975ರಲ್ಲಿ ಚಲನಚಿತ್ರ ಮಾಡಿದರು. ಅದಕ್ಕೆ ಸ್ವರ್ಣಕಮಲ ಬಂತು.

ನಮ್ಮೂರಲ್ಲಿ ತಿಂಗಳಿಗೊಮ್ಮೆ ಪುಸ್ತಕ ಹಿಡಿದು ಕೂಡುವ ಏಳೆಂಟು ಗೆಳತಿಯರಿದ್ದೇವೆ. ಈ ಕಾದಂಬರಿಯ ಸರದಿ ಬಂದಾಗ ಒಬ್ಬರು ಕಣ್ಣು ಒರೆಸಿಕೊಳ್ಳುತ್ತ ಹೇಳಿದರು: “ನೋಡ್ರಿ ಅಕ್ಕೋರ, ಎಷ್ಟ ಕಷ್ಟ ಬಂದ್ರೂ ತನ್ನ ಧರ್ಮಾ ಬಿಡಲಿಲ್ಲ ಚೋಮ.” ಉಳಿದವರೂ ತಲೆಯಾಡಿಸಿದರು. ಅವರ ಕಣ್ಣೀರಿನ ಬಗ್ಗೆ ನನಗೆ ಗೌರವವಿದೆ. ಆದರೆ ಆ ಓದು ಸರಿಯಲ್ಲ ಎಂದು ಅಂದೂ ಹೇಳಿದೆ, ಈಗ ಕಾರಣ ಕೊಟ್ಟು ಹೇಳುತ್ತೇನೆ.

ಚೋಮ ಬಿಡಲಾಗದೆ ಹೋದದ್ದು ಯಾವುದನ್ನು? ಸಂಕಪ್ಪಯ್ಯನ ಮನೆಯ ದೇವರಕೋಣೆಯನ್ನಲ್ಲ. ಅಲ್ಲಿಗೆ ಅವನಿಗೆ ಪ್ರವೇಶವೇ ಇರಲಿಲ್ಲ. ಊರ ದೇವಸ್ಥಾನವನ್ನೂ ಅಲ್ಲ, ಅದರ ಅಂಗಳವನ್ನೇ ಅವನು ತುಳಿಯುವಂತಿರಲಿಲ್ಲ. ಅವನು ಬಿಡಲಾರದೆ ಹೋದದ್ದು ಪಂಜುರ್ಲಿಯನ್ನು, ತುಳುವರ ಹಂದಿರೂಪದ ದೈವವನ್ನು. ಈಗ ಮಕ್ಕಳಿಗೂ ಪಂಜುರ್ಲಿ ಗೊತ್ತು. 2022ರ ‘ಕಾಂತಾರ’ ಚಿತ್ರ ಅದನ್ನು ಅಥಣಿ, ಕಾಗವಾಡದ ತನಕ ತಂದಿತು. ಆ ಚಿತ್ರ ಬಂದಾಗಲೇ ಭೂತಾರಾಧನೆ ಹಿಂದೂ ಧರ್ಮದ್ದೋ ಅಲ್ಲವೋ ಎಂಬ ಜಗಳವೂ ಎದ್ದಿತು. ಚೋಮನನ್ನು ಕೇಳಿದ್ದರೆ ಅವನಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಅವನಿಗೆ ಪಂಜುರ್ಲಿ ಎಂದರೆ ಅಪ್ಪ ಅಜ್ಜಂದಿರು ಕೈಮುಗಿದ ಕಲ್ಲು, ಹೊತ್ತ ಹರಕೆ, ತಪ್ಪಿದರೆ ಬೀಳುವ ಶಾಪ. ನಮ್ಮ ಕಡೆಯ ದುರ್ಗವ್ವ, ದ್ಯಾಮವ್ವ, ಬೀರಪ್ಪ, ಚಿಂಚಲಿಯ ಮಾಯಕ್ಕ ಇದ್ದ ಹಾಗೆ.

ಇಂಥ ದೇವರುಗಳನ್ನು ನಂಬುವವರಿಗೆ ಇಂಗ್ಲಿಷಿನಲ್ಲಿ ‘ಪೇಗನ್’ ಎಂಬ ಹೆಸರಿದೆ. ಅದರ ಮೂಲ ಲ್ಯಾಟಿನ್ನಿನ ‘ಪಗಾನುಸ್’, ಅಂದರೆ ಹಳ್ಳಿಯವನು. ಕ್ರಿಸ್ತಶಕ ನಾಲ್ಕನೆಯ ಶತಮಾನದಲ್ಲಿ ರೋಮಿನ ಕ್ರೈಸ್ತರು ಹಳೆಯ ದೇವರುಗಳನ್ನು ಬಿಡದವರನ್ನು ಹೀಗೆ ಕರೆಯತೊಡಗಿದರು. ನಮ್ಮಲ್ಲಿ ‘ಹಳ್ಳಿಗಮಾರ’ ಎನ್ನುತ್ತೇವಲ್ಲ, ಅದೇ ಧಾಟಿ. ಆ ಇತಿಹಾಸದಲ್ಲಿ ನಾವು ಕಲಿಯಬೇಕಾದ ಪಾಠವೊಂದಿದೆ. 303ರಲ್ಲಿ ಡಯೋಕ್ಲೀಶಿಯನ್ ಚಕ್ರವರ್ತಿ ಕ್ರೈಸ್ತರ ಪ್ರಾರ್ಥನಾಮಂದಿರಗಳನ್ನು ಕೆಡವಿಸಿ, ಗ್ರಂಥಗಳನ್ನು ಸುಡಿಸಿದ. ಹಳೆಯ ದೇವರಿಗೆ ಬಲಿ ಕೊಡದವರಿಗೆ ಶಿಕ್ಷೆಯಾಯಿತು. 313ರಲ್ಲಿ ಅವರಿಗೆ ಸ್ವಾತಂತ್ರ್ಯ ಸಿಕ್ಕಿತು. 391ರ ಹೊತ್ತಿಗೆ ಅದೇ ಸಾಮ್ರಾಜ್ಯ ಕ್ರೈಸ್ತರ ಕೈಯಲ್ಲಿದ್ದು, ಹಳೆಯ ದೇವರಿಗೆ ಬಲಿ ಕೊಡುವುದೇ ಅಪರಾಧವಾಯಿತು. ಪೆಟ್ಟು ತಿಂದವರು ಪೆಟ್ಟು ಕೊಡುವವರಾಗಲು ನೂರು ವರ್ಷವೂ ಬೇಕಾಗಲಿಲ್ಲ. 415ರಲ್ಲಿ ಅಲೆಕ್ಸಾಂಡ್ರಿಯಾ ನಗರದಲ್ಲಿ ಗಣಿತ ಮತ್ತು ತತ್ವಶಾಸ್ತ್ರ ಕಲಿಸುತ್ತಿದ್ದ ಹೈಪೇಶಿಯಾ ಎಂಬ ಹೆಣ್ಣುಮಗಳನ್ನು ಕ್ರೈಸ್ತರ ಗುಂಪೊಂದು ಬೀದಿಯಲ್ಲಿ ಎಳೆದೊಯ್ದು ಕೊಂದಿತು. ಪಾಠ ಹೇಳುವವಳು ನಾನೂ ಆದ್ದರಿಂದ ಆ ಹೆಸರನ್ನು ಮರೆಯಲು ನನ್ನಿಂದಾಗುವುದಿಲ್ಲ.

ಚೋಮನ ನಾಡಿಗೆ ಈ ಜಗಳ ಬಂದದ್ದು 1834ರಲ್ಲಿ, ಬಾಸೆಲ್ ಮಿಶನ್ನಿನ ಮೂವರು ಪಾದ್ರಿಗಳು ಮಂಗಳೂರಿಗೆ ಇಳಿದಾಗ. ನಮ್ಮ ಬೆಳಗಾವಿಗೆ ಲಂಡನ್ ಮಿಶನ್ನಿನವರು ಅದಕ್ಕೂ ಮುಂಚೆ, 1820ರಲ್ಲೇ ಬಂದಿದ್ದರು. ಅವರ ಉಪಕಾರವನ್ನು ಮರೆಯುವುದು ಕೃತಘ್ನತೆ. 1843ರ ‘ಮಂಗಳೂರ ಸಮಾಚಾರ’, 1894ರ ಕಿಟೆಲ್ ನಿಘಂಟು, ಹೆಣ್ಣುಮಕ್ಕಳ ಶಾಲೆಗಳು ಇವೆಲ್ಲ ಕನ್ನಡಿಗರು ಉಂಡ ಋಣ. ಮತಾಂತರವಾದವರನ್ನು ಅವರವರ ಜಾತಿ ಹೊರಹಾಕಿದಾಗ ಹೊಟ್ಟೆಗೆ ದಾರಿ ಬೇಕಲ್ಲ! ನೇಯ್ಗೆಯ ಕಾರ್ಖಾನೆ ತೆರೆದರು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ನಾವು ಇಂದಿಗೂ ‘ಮಂಗಳೂರು ಹಂಚು’ ಎನ್ನುವುದರ ಹಿಂದೆ ಹೀಗೊಂದು ಕಥೆಯಿದೆ.

ಆದರೆ ಅದೇ ಪಾದ್ರಿಗಳ ಕಣ್ಣಿಗೆ ತುಳುವರ ಭೂತಗಳು ಸೈತಾನನ ಸಂತತಿ. ಜನರು ಮಳೆಗೆ, ಬೆಳೆಗೆ, ನ್ಯಾಯಕ್ಕೆ ಮೊರೆಹೋಗುವ ಶಕ್ತಿಯನ್ನು ‘ದೆವ್ವ’ ಎಂದುಬಿಟ್ಟರೆ, ಆಮೇಲೆ ಅವರ ಜೊತೆ ಮಾತಿಗೆ ಜಾಗವೆಲ್ಲಿ? ವಿಚಿತ್ರವೆಂದರೆ, ಆ ದೈವಗಳ ಹುಟ್ಟಿನ ಹಾಡುಗಳನ್ನು ‘ಪಾಡ್ದನೊಳು’ ಎಂದು 1886ರಲ್ಲಿ ಅಚ್ಚು ಹಾಕಿಸಿದವರೂ ಬಾಸೆಲ್ ಮಿಶನ್ನಿನ ಮ್ಯಾನರ್ ಪಾದ್ರಿಯೇ. ಬೇಡವೆಂದವರ ಕೈಯಿಂದಲೇ ಆ ಹಾಡುಗಳು ಪುಸ್ತಕದಲ್ಲಿ ಉಳಿದವು. ಮನುಷ್ಯರ ಕೆಲಸ ಅವರ ಮತಕ್ಕಿಂತ ಕೆಲವೊಮ್ಮೆ ದೊಡ್ಡದಿರುತ್ತದೆ.

ಇದನ್ನೋದಿ ಪಾದ್ರಿಗಳ ಮೇಲೆ ಮಾತ್ರ ಬೆರಳು ತೋರಿಸುವವರಿಗೆ ಒಂದು ಮಾತು. ಹಳ್ಳಿಯ ಸಣ್ಣ ದೇವರನ್ನು ಬೈಯುವುದನ್ನು ಕನ್ನಡಕ್ಕೆ ಅವರೇನೂ ಹೊಸದಾಗಿ ತರಲಿಲ್ಲ. ಜನ್ನ ಕವಿ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯಲ್ಲಿ ಚಂಡಮಾರಿಯ ಗುಡಿ ಎಂದರೆ ರಕ್ತದ ಮಡು. ಅಲ್ಲಿ ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟವರೂ ಜನ್ಮಜನ್ಮ ತೊಳಲುತ್ತಾರೆ. ಹನ್ನೆರಡನೆಯ ಶತಮಾನದ ಶರಣರು ಮಾರಿ ಮಸಣಿಗಳನ್ನು ಕಟುವಾಗಿ ಹಂಗಿಸಿದರು. ಜೀವಹಿಂಸೆ ಬೇಡ, ಭಯದ ಭಕ್ತಿ ಬೇಡ ಎಂದ ಆ ಹಿರಿಯರ ಮಾತು ದೊಡ್ಡದು. ಮೂಕಪ್ರಾಣಿಯ ಪರವಾಗಿ ಜನ್ನ ಹೇಳಿದ್ದನ್ನು ನಾನು ತರಗತಿಯಲ್ಲಿ ಅಭಿಮಾನದಿಂದಲೇ ಹೇಳುತ್ತೇನೆ. ಆದರೆ ಬಲಿಯನ್ನು ಖಂಡಿಸುವುದು ಒಂದು, ಬಲಿ ಕೊಡುವ ಬಡವಳನ್ನು ಕೀಳೆನ್ನುವುದು ಇನ್ನೊಂದು. ಹಿರಿಯರು ಮೊದಲನೆಯದನ್ನು ಹೇಳಿದರು. ಅವರ ಹೆಸರು ಹೇಳಿಕೊಂಡ ನಾವು ಎರಡನೆಯದನ್ನು ಕಲಿತೆವು.

ಕಾರಂತರ ಹೆಚ್ಚುಗಾರಿಕೆ ಕಾಣುವುದು ಇಲ್ಲಿ. ಸ್ವತಃ ದೇವರಲ್ಲಿ ನಂಬಿಕೆಯಿಲ್ಲದ ಅವರು ಪಂಜುರ್ಲಿಯನ್ನು ಬೈಯಲಿಲ್ಲ, ಹೊಗಳಲೂ ಇಲ್ಲ. ಚೋಮನ ಮನಸ್ಸಿನೊಳಗೆ ಅದು ಎಷ್ಟು ಆಳಕ್ಕೆ ಬೇರು ಬಿಟ್ಟಿದೆ ಎಂದಷ್ಟೇ ತೋರಿಸಿದರು. ಆ ಬೇರು ಅವನನ್ನು ಕಾಯುತ್ತದೆಯೋ ಕಟ್ಟಿಹಾಕುತ್ತದೆಯೋ ಎಂಬುದನ್ನು ನಮಗೆ ಬಿಟ್ಟರು. ನಾನಂತೂ ಹೀಗೆ ಓದುತ್ತೇನೆ: ಚರ್ಚಿನ ಕಡೆಯವರು “ನಿನ್ನ ದೈವ ಬಿಡು, ಭೂಮಿ ಪಡೆ” ಎನ್ನುತ್ತಾರೆ. ಊರಿನವರು “ಭೂಮಿಯ ಆಸೆ ಬಿಡು, ನಮ್ಮವನಾಗಿರು” ಎನ್ನುತ್ತಾರೆ. ಎರಡೂ ಕಡೆ ಬೆಲೆ ಕೇಳಿದರು. ಭೂಮಿ ಮನುಷ್ಯನ ಹಕ್ಕು, ದೈವ ಅವನ ಮನಸ್ಸಿನ ಮಾತು, ಒಂದಕ್ಕೊಂದನ್ನು ಒತ್ತೆ ಇಡಬೇಕಾಗಿಲ್ಲ ಎಂದು ಹೇಳುವವರು ಆ ಊರಲ್ಲಿ ಒಬ್ಬರೂ ಇರಲಿಲ್ಲ. ಚೋಮ ಸತ್ತದ್ದು ಧರ್ಮನಿಷ್ಠೆಯಿಂದಲ್ಲ, ಈ ಮಾತು ಆಡುವವರಿಲ್ಲದ್ದರಿಂದ.

ಅಂಥ ಮಾತು ಆಡುವವರು ಆಗ ಎಲ್ಲೂ ಇರಲಿಲ್ಲವೆಂದಲ್ಲ. 1925ರ ಏಪ್ರಿಲ್‌ನಲ್ಲಿ ನಮ್ಮ ನಿಪ್ಪಾಣಿಯಲ್ಲೇ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತು ನಡೆದು, ಡಾ. ಅಂಬೇಡ್ಕರರು ಬಂದಿದ್ದರು. ಹಿಂದೂವಾಗಿ ಸಾಯಲಾರೆ ಎಂದು ಅವರು ಯೇವಲೆಯಲ್ಲಿ ಸಾರಿದ್ದು 1935ರಲ್ಲಿ, ಬೌದ್ಧರಾದದ್ದು 1956ರಲ್ಲಿ. ಚೋಮನಿಗೆ ಕಂಡದ್ದು ಎರಡೇ ಬಾಗಿಲು. ಮೂರನೆಯದು ತೆರೆದದ್ದು ಕಾದಂಬರಿ ಬಂದ ಮೇಲೆ. ಹಾಗೆಂದು ಬಾಗಿಲು ದಾಟಿದವರ ಕಷ್ಟ ಮುಗಿಯಿತೆಂದೂ ಅಲ್ಲ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿಕೊಂಡರು. ಕ್ರೈಸ್ತರಾದವರು ಮಾತ್ರ ಹೊರಗೇ ಉಳಿದರು. ಚೋಮನ ಮಗ ಗುರುವನ ಮೊಮ್ಮಕ್ಕಳು ಇಂದು ಇದ್ದಿದ್ದರೆ, ಓಣಿಯವರ ಕಣ್ಣಿಗೆ ಅದೇ ಜಾತಿಯವರು, ಕಚೇರಿಯ ಕಾಗದದಲ್ಲಿ ಅಲ್ಲ.

ಈಗ ಕಾದಂಬರಿಯ ಮೇಲಿನ ನನ್ನ ತಕರಾರಿಗೆ ಬರುತ್ತೇನೆ. ಚೋಮನ ಮಗಳು ಬೆಳ್ಳಿ. ಮನೆಯ ಗಂಜಿ ಕಾಯಿಸುವವಳು, ತಮ್ಮಂದಿರನ್ನು ಸಾಕುವವಳು, ಕೊನೆಗೆ ಅಪ್ಪನ ಸಾಲ ತೀರಿಸಲು ತೋಟಕ್ಕೆ ಹೋಗುವವಳೂ ಅವಳೇ. ಅಲ್ಲಿ ಬರಹಗಾರ ಮನ್ವೇಲ ಇದ್ದಾನೆ, ತೋಟದ ಧಣಿ ಇದ್ದಾನೆ. ಸಾಲದ ಲೆಕ್ಕ ಚುಕ್ತಾ ಆಗುವುದು ಅವಳ ಮೈಯ ಮೇಲೆ. ಮುಂದೊಂದು ದಿನ ಮನ್ವೇಲನೊಡನೆ ಅವಳನ್ನು ಕಂಡ ಅಪ್ಪನಿಂದಲೇ ಒದೆ ತಿನ್ನುತ್ತಾಳೆ. ಪಂಜುರ್ಲಿ ಚೋಮನನ್ನು ಕರೆಯಿತು, ಪಾದ್ರಿ ಚೋಮನನ್ನು ಕರೆದ, ಸಂಕಪ್ಪಯ್ಯ ಚೋಮನಿಗೆ ಬುದ್ಧಿ ಹೇಳಿದ. ಬೆಳ್ಳಿಯನ್ನು ಯಾರು ಕರೆದರು? ಅವಳಿಗೆ ಯಾವ ದೇವರು ಬೇಕಿತ್ತು? ಇಡೀ ಪುಸ್ತಕದಲ್ಲಿ ಈ ಪ್ರಶ್ನೆಗೆ ಜಾಗವಿಲ್ಲ. ಚೋಮನ ಒಳಗಿನ ತುಮುಲಕ್ಕೆ ಕೊಟ್ಟ ಪುಟಗಳಲ್ಲಿ ನಾಲ್ಕನ್ನು ಕಾರಂತರು ಬೆಳ್ಳಿಗೆ ಕೊಟ್ಟಿದ್ದರೆ! ಮುಂದೆ 1968ರಲ್ಲಿ ‘ಮೂಕಜ್ಜಿಯ ಕನಸುಗಳು’ ಬರೆದು, ದೇವರ ಬಗ್ಗೆ ನಿರ್ಭಯವಾಗಿ ಮಾತಾಡುವ ಹೆಣ್ಣೊಬ್ಬಳನ್ನು ಅವರೇ ಸೃಷ್ಟಿಸಿದರು. ಆ ಧೈರ್ಯ ಬೆಳ್ಳಿಯ ಕಾಲಕ್ಕೆ ಇನ್ನೂ ಬಂದಿರಲಿಲ್ಲ. ಇನ್ನೊಂದು ಕೊರತೆಯೂ ಇದೆ. ಮನ್ವೇಲನಂಥ ಕ್ರೈಸ್ತ ಪಾತ್ರಗಳು ತೀರ ತೆಳು. ಪಂಜುರ್ಲಿಯ ಭಕ್ತನ ಎದೆಯೊಳಗೆ ಇಳಿದ ಲೇಖಕರು ಏಸುವಿನ ಭಕ್ತನ ಎದೆಯೊಳಗೆ ಇಳಿಯಲಿಲ್ಲ. ಆದ್ದರಿಂದಲೇ ನನ್ನ ಗೆಳತಿಯಂಥವರಿಗೆ ಇದು ‘ನಮ್ಮ ಧರ್ಮ ಗೆದ್ದ’ ಕಥೆಯಾಗಿ ಕಾಣುವುದು.

ಬೆಳ್ಳಿಯನ್ನು ಕೇಳದಿರುವುದು ಕಾದಂಬರಿಗೆ ಮುಗಿಯಲಿಲ್ಲ. 2021ರ ಡಿಸೆಂಬರ್‌ನಲ್ಲಿ ನಮ್ಮ ಬೆಳಗಾವಿಯ ಸುವರ್ಣಸೌಧದಲ್ಲೇ ವಿಧಾನಸಭೆ ಮತಾಂತರದ ಮಸೂದೆಯನ್ನು ಅಂಗೀಕರಿಸಿತು, 2022ರಲ್ಲಿ ಅದು ಕಾಯಿದೆಯಾಯಿತು. ಬಲವಂತ, ಆಮಿಷಗಳಿಂದ ಮತಾಂತರ ಮಾಡಿಸಿದವರಿಗೆ ಮೂರರಿಂದ ಐದು ವರ್ಷ ಸೆರೆ. ಮತಾಂತರಗೊಂಡವರು ಅಪ್ರಾಪ್ತರು, ಬುದ್ಧಿಸ್ವಾಸ್ಥ್ಯವಿಲ್ಲದವರು, ಮಹಿಳೆಯರು, ಪರಿಶಿಷ್ಟರು ಆಗಿದ್ದರೆ ಹತ್ತು ವರ್ಷದವರೆಗೆ. ಆ ಸಾಲನ್ನು ಇನ್ನೊಮ್ಮೆ ಓದಿರಿ. ಮಕ್ಕಳ ಪಕ್ಕದಲ್ಲಿ, ಬುದ್ಧಿ ಸ್ಥಿಮಿತ ತಪ್ಪಿದವರ ಪಕ್ಕದಲ್ಲಿ ನಮ್ಮನ್ನು ಕೂಡಿಸಿದ್ದಾರೆ! ಬಿ.ಎ., ಬಿ.ಎಡ್. ಮಾಡಿ ಎರಡು ತಲೆಮಾರಿಗೆ ವ್ಯಾಕರಣ ಕಲಿಸಿದ ನನಗೆ ನನ್ನ ದೇವರನ್ನು ಆರಿಸಿಕೊಳ್ಳುವ ಬುದ್ಧಿ ಇದೆಯೋ ಇಲ್ಲವೋ ಎಂಬ ಅನುಮಾನ ಶಾಸನಕ್ಕೆ. ಆಮಿಷ ಒಡ್ಡುವುದು ತಪ್ಪೇ, ಬಡವಳ ಹಸಿವನ್ನು ಬಳಸಿಕೊಳ್ಳುವುದು ಪಾಪವೇ. ಆದರೆ ಕಾಯುವ ನೆಪದಲ್ಲಿ ಬಾಯಿ ಮುಚ್ಚಿಸಬಾರದು. ಈ ಕಾಯಿದೆಯನ್ನು ರದ್ದುಗೊಳಿಸಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ನಿರ್ಧರಿಸಿತು. ಆದರೆ ಮನಸ್ಸಿನಲ್ಲಿರುವ ಕಾಯಿದೆಯನ್ನು ಯಾವ ಸಂಪುಟ ರದ್ದು ಮಾಡೀತು?

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದಾಳೆ. ರಾಯಬಾಗದ ಕಡೆಯ ಒಂದು ಹಳ್ಳಿಯವಳು. ಗಂಡನ ಕುಡಿತ ಬಿಡಿಸಲು ಎಲ್ಲ ಗುಡಿ ಸುತ್ತಿ, ಕೊನೆಗೆ ಯಾರೋ ಕರೆದರೆಂದು ಒಂದು ಪ್ರಾರ್ಥನಾಕೂಟಕ್ಕೆ ಹೋದಳು. ಗಂಡ ಕುಡಿತ ಬಿಟ್ಟ. ಏಸುವಿನಿಂದಲೋ, ನಾಲ್ಕು ಜನ ಒಳ್ಳೆಯ ಮಾತು ಹೇಳಿದ್ದರಿಂದಲೋ, ನಾನು ತೀರ್ಪು ಹೇಳುವವಳಲ್ಲ. ಅಂದಿನಿಂದ ಓಣಿಯ ಹೆಂಗಸರು ಅವಳನ್ನು ಉಡಿ ತುಂಬಲು ಕರೆಯುವುದಿಲ್ಲ, ದಸರೆಯ ಬನ್ನಿ ಕೊಡುವುದಿಲ್ಲ. ಕೂಟದವರೂ ಕಡಿಮೆಯಿಲ್ಲ. ಚಿಂಚಲಿಯ ಜಾತ್ರೆಗೆ ಕಾಲಿಡಬಾರದು, ಅತ್ತೆ ಕೊಟ್ಟ ನೈವೇದ್ಯದ ಹೋಳಿಗೆ ತಿನ್ನಬಾರದು, ಅದು ದೆವ್ವದ ಎಡೆ ಎಂದರಂತೆ. “ಅಕ್ಕೋರ, ಇವರ ಕೈಯಾಗ ಬನ್ನಿ ಇಲ್ಲ, ಅವರ ಕೈಯಾಗ ಹೋಳಿಗಿ ಇಲ್ಲ. ನಾ ಎಲ್ಲಿ ಹೋಗ್ಲಿ?” ಎಂದು ಕೇಳಿದಳು. ಅತ್ತೆ ಮಾತ್ರ ಭಂಡಾರ ಹಚ್ಚಿಕೊಂಡ ಹಣೆಯಲ್ಲೇ ರವಿವಾರ ಸೊಸೆಯ ಮಗುವನ್ನು ಎತ್ತಿಕೊಂಡಿರುತ್ತಾಳಂತೆ, ಇವಳು ಪ್ರಾರ್ಥನೆ ಮುಗಿಸಿ ಬರುವ ತನಕ. ನನಗೆ ಆ ಮುದುಕಿಯೇ ದೊಡ್ಡ ಪಂಡಿತೆ ಎನ್ನಿಸಿತು.

ನೈವೇದ್ಯದ ಈ ತಕರಾರು ಎರಡು ಸಾವಿರ ವರ್ಷ ಹಳೆಯದು. ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲೇ ಇದರ ಚರ್ಚೆ ಇದೆ. ವಿಗ್ರಹಕ್ಕೆ ಅರ್ಪಿಸಿದ ಊಟದ ಬಗ್ಗೆ ಅವನು ಒಂದೆಡೆ ಕಟ್ಟುನಿಟ್ಟಾಗಿ ಎಚ್ಚರಿಸುತ್ತಾನೆ. ಇನ್ನೊಂದೆಡೆ, ಊಟ ನಮ್ಮನ್ನು ದೇವರ ಹತ್ತಿರ ಒಯ್ಯುವುದೂ ಇಲ್ಲ ದೂರ ಮಾಡುವುದೂ ಇಲ್ಲ, ಎದುರಿನವನ ಮನಸ್ಸು ನೋಯದಿರುವುದು ಮುಖ್ಯ ಎಂಬ ಅರ್ಥದ ಮಾತನ್ನೂ ಹೇಳುತ್ತಾನೆ. ಒಂದೇ ಪತ್ರದಲ್ಲಿ ಎರಡೂ ಇವೆ. ಯಾವುದನ್ನು ಎತ್ತಿ ಹೇಳುತ್ತೇವೆ ಎಂಬುದು ಹೇಳುವವರ ಮನಸ್ಸಿಗೆ ಬಿಟ್ಟದ್ದು. ನಮ್ಮ ಗ್ರಂಥಗಳ ಗತಿಯೂ ಇದೇ ಅಲ್ಲವೇ?

ಹೀಯಾಳಿಕೆಯಿಂದ ಏನಾಗುತ್ತದೆಂದು ನಾವು ನೋಡಿದ್ದೇವೆ. 2008ರ ಸೆಪ್ಟೆಂಬರ್ 14ರಂದು ಮಂಗಳೂರು ಮತ್ತು ಸುತ್ತಮುತ್ತ ಚರ್ಚು, ಪ್ರಾರ್ಥನಾಲಯಗಳ ಮೇಲೆ ದಾಳಿಯಾಯಿತು. ಹಿಂದೂ ದೇವತೆಗಳನ್ನು ಹೀಯಾಳಿಸಿದ ಒಂದು ಪುಸ್ತಿಕೆ ಅದಕ್ಕೆ ಕಾರಣವೆಂದು ಹೇಳಲಾಯಿತು. ಬೇರೆಯವರ ದೇವರನ್ನು ಹೀಯಾಳಿಸಿ ಬರೆಯುವುದು ಭಕ್ತಿಯಲ್ಲ, ಸಣ್ಣತನ. ಆದರೆ ಏಟು ಬಿದ್ದದ್ದು ಯಾರಿಗೆ? ಆ ಪುಸ್ತಿಕೆಗೆ ಸಂಬಂಧವೇ ಇಲ್ಲದ ಕ್ಯಾಥೊಲಿಕ್ ಸನ್ಯಾಸಿನಿಯರ ಮಠದ ಆರಾಧನಾಲಯಕ್ಕೂ ನುಗ್ಗಿದರು. ಬರೆದವರೊಬ್ಬರು, ಹೊಡೆದವರೊಬ್ಬರು, ನಡುವೆ ನಡುಗಿದವರು ಹೆಣ್ಣುಮಕ್ಕಳು. ಚೋಮನ ಮನೆಯಲ್ಲಿ ಆದದ್ದೂ ಇದೇ.

ಕೊರತೆಗಳನ್ನು ಹೇಳಿದ ಮೇಲೂ ‘ಚೋಮನ ದುಡಿ’ ಕನ್ನಡದ ದೊಡ್ಡ ಕೃತಿಗಳಲ್ಲಿ ಒಂದು ಎಂಬ ನನ್ನ ಅಭಿಪ್ರಾಯ ಬದಲಾಗುವುದಿಲ್ಲ. ಮತಾಂತರದ ಮಾತು ಬಂದಾಗ ಭಾಷಣ ಮಾಡುವವರು ಮೊದಲು ಇದನ್ನು ಓದಲಿ. ಬೇರೆಯವರ ನಂಬಿಕೆಯನ್ನು ದೆವ್ವವೆನ್ನುವವರೂ ಓದಲಿ, ಕೆರೆ ಬಾವಿ ಗುಡಿ ಮುಟ್ಟಗೊಡದೆ ‘ನಮ್ಮವರು ಹೋಗುತ್ತಿದ್ದಾರೆ’ ಎಂದು ಗೋಳಾಡುವವರೂ ಓದಲಿ. ಭಾಷಣಗಳು ನಮ್ಮ ಕೈಯಲ್ಲಿಲ್ಲ. ಆದರೆ ಪಂಚಮಿಯ ಉಂಡಿಯ ಡಬ್ಬಿ, ಸಂಕ್ರಮಣದ ಕುಸುರೆಳ್ಳು, ದಸರೆಯ ಬನ್ನಿ ನಮ್ಮ ಕೈಯಲ್ಲೇ ಇವೆ. ಯಾರ ಮನೆಯ ಬಾಗಿಲಿಗೆ ಒಯ್ಯಬೇಕು, ಯಾರ ಮನೆಯ ಕ್ರಿಸ್‌ಮಸ್ ಕೇಕಿಗೆ ಕೈಚಾಚಬೇಕು ಎಂಬುದನ್ನು ತೀರ್ಮಾನಿಸುವವರು ಹೆಂಗಸರೇ. ಸಂಕಪ್ಪಯ್ಯನ ತಾಯಿಯೂ ಹೆಂಗಸು, ಭಂಡಾರದ ಹಣೆಯ ಆ ಅತ್ತೆಯೂ ಹೆಂಗಸು. ಒಬ್ಬಳು ‘ಕೂಡದು’ ಎಂದಳು, ಇನ್ನೊಬ್ಬಳು ಮಗುವನ್ನು ಎತ್ತಿಕೊಂಡಳು. ಪುಸ್ತಕ ಮುಚ್ಚುವ ಮುನ್ನ ಬೆಳ್ಳಿಯನ್ನು ಒಮ್ಮೆ ನೆನೆಯಿರಿ, ನಿಮ್ಮ ಓಣಿಯ ಬೆಳ್ಳಿ ಯಾರೆಂದು ಯೋಚಿಸಿರಿ. ಅವಳಿಗೆ ಏನು ಬೇಕೆಂದು ಅವಳನ್ನೇ ಕೇಳಿರಿ.